ಕರೇರಾದ ಓರೆ ಉಂಗುರ

ಹಳೆಯ ಧಾಟಿಯ ಕ್ರೋನೋಗ್ರಾಫ್ ವಾಚು ಸ್ಟುಡಿಯೋಗೆ ಬಂದರೆ ನಾನು ಮೊದಲು ಬೆಳಕು ಹೊಂದಿಸುವುದು ಡಯಲ್‌ಗಲ್ಲ, ಅದರ ಸುತ್ತಲಿನ ಓರೆ ಉಂಗುರಕ್ಕೆ. ಹ್ಯೂಯರ್ ಕರೇರಾ ಮತ್ತು ಅದರ ಜಾಡಿನಲ್ಲಿ ಬಂದ ವಾಚುಗಳ ಜೀವ ಇರುವುದೇ ಅಲ್ಲಿ.

1958ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಕಾರ್ ರ್‍ಯಾಲಿ. ಜಾಕ್ ಹ್ಯೂಯರ್ ಚಾಲಕನ ಪಕ್ಕ ಕೂತು ವೇಳೆ ಲೆಕ್ಕ ಇಡುತ್ತಿದ್ದರು. ಎದುರಿಗಿದ್ದದ್ದು ಅವರ ಮನೆತನದ ಕಂಪನಿಯೇ ತಯಾರಿಸಿದ ಆಟೇವಿಯಾ ಗಡಿಯಾರ. ಕುಲುಕುವ ಕಾರಿನಲ್ಲಿ ಅದರ ಪುಟ್ಟ ಡಯಲ್ಲನ್ನು ಒಂದು ನಿಮಿಷ ತಪ್ಪಾಗಿ ಓದಿದರು, ಗೆಲುವು ಕೈತಪ್ಪಿತು. ಓಡುವ ಕಾರಿನಲ್ಲಿ ಓದಲಾಗದ ಗಡಿಯಾರ ಎಷ್ಟು ಚೆಂದವಿದ್ದರೇನು ಎಂಬ ಹಟ ಅವರಲ್ಲಿ ಬೇರೂರಿದ್ದು ಆಗಲೇ ಇರಬೇಕು. 1962ರಲ್ಲಿ ಫ್ಲಾರಿಡಾದ ಸೆಬ್ರಿಂಗ್‌ನಲ್ಲಿ, ಮೆಕ್ಸಿಕೋದ ರೇಸ್ ಚಾಲಕರಾದ ರೊಡ್ರಿಗೆಸ್ ಸಹೋದರರ ತಂದೆತಾಯಿಯ ಬಾಯಲ್ಲಿ ಕರೇರಾ ಪ್ಯಾನಮೆರಿಕಾನಾ ಎಂಬ ಅಪಾಯದ ರಸ್ತೆ ಓಟದ ಸುದ್ದಿ ಕೇಳಿದರು. 1950ರಿಂದ 1954ರವರೆಗೆ ನಡೆದು ನಿಂತುಹೋಗಿದ್ದ ಓಟ ಅದು. ಹೊಸ ವಾಚಿಗೆ ಹೆಸರು ಸಿಕ್ಕಿತು. ವಾಚು ಬಂದದ್ದು 1963ರಲ್ಲಿ.

ಆಗಿನ ಉಬ್ಬು ಪ್ಲೆಕ್ಸಿ ಗಾಜನ್ನು ಒಳಗಿನಿಂದ ಒತ್ತಿ ಹಿಡಿದು ನೀರು ತಡೆಯಲು ಉಕ್ಕಿನ ಒಂದು ಓರೆ ಉಂಗುರವಿತ್ತು. ಸೆಕೆಂಡಿನ ಐದನೇ ಒಂದು ಭಾಗ ತೋರಿಸುವ ಗೆರೆಗಳನ್ನು ಹ್ಯೂಯರ್ ಡಯಲ್‌ನಿಂದ ಎತ್ತಿ ಆ ಉಂಗುರಕ್ಕೆ ಸಾಗಿಸಿದರು. ಡಯಲ್ ನಿರಾಳವಾಯಿತು.

ಫೋಟೋ ತೆಗೆಯುವವರಿಗೆ ಈ ಓರೆಯೇ ಸವಾಲು. ನೇರ ಬೆಳಕು ಬಿದ್ದರೆ ಗೆರೆಗಳು ಹೊಳಪಿನಲ್ಲಿ ಮುಳುಗುತ್ತವೆ. ಪಕ್ಕದ ಬೆಳಕೊಂದೇ ಆದರೆ ಅರ್ಧ ಉಂಗುರ ಕತ್ತಲಾಗುತ್ತದೆ. ನಾನು ವಾಚಿನ ಸುತ್ತ ತೆಳು ಬಿಳಿ ಹಾಳೆ ನಿಲ್ಲಿಸಿ, ಬೆಳಕನ್ನು ಅದರ ಮೂಲಕ ಸೋಸಿ ಬಿಡುತ್ತೇನೆ. ಲೆನ್ಸಿನ ಸುತ್ತ ಕಪ್ಪು ರಟ್ಟು ಕಟ್ಟುತ್ತೇನೆ, ಇಲ್ಲವಾದರೆ ಉಬ್ಬು ಗಾಜಿನಲ್ಲಿ ಕ್ಯಾಮೆರಾವೇ ಕಾಣುತ್ತದೆ.

ಮುಳ್ಳುಗಳನ್ನು 10 ಗಂಟೆ 10 ನಿಮಿಷಕ್ಕೆ ನಿಲ್ಲಿಸುವುದು ಜಾಹೀರಾತಿನ ಹಳೆಯ ರೂಢಿ. ಮೂರು ಕಿರು ಡಯಲ್‌ಗಳ ಕರೇರಾಕ್ಕೆ ಅದು ಒಪ್ಪುತ್ತದೆ, ಯಾವುದೂ ಮರೆಯಾಗುವುದಿಲ್ಲ. ಆದರೆ ಹಳೆಯ ವಾಲ್ಜೂ 72 ಯಂತ್ರದ ವಾಚಿನಲ್ಲಿ 9ರ ಬಳಿಯ ಸೆಕೆಂಡ್ ಮುಳ್ಳು ಓಡುತ್ತಲೇ ಇರುತ್ತದೆ. ಫೋಕಸ್ ಬದಲಿಸುತ್ತ ಹಲವು ಚಿತ್ರ ತೆಗೆದು ಕೂಡಿಸುವಾಗ ಅದು ಕಲಸಿಹೋಗುತ್ತದೆ. ಕೀ ಪೂರ್ತಿ ಇಳಿದು ವಾಚು ತಾನಾಗಿ ನಿಲ್ಲುವವರೆಗೆ ಕಾಯಬೇಕು.

ಅರ್ಧ ವಾಚನ್ನು ನೆರಳಿಗೆ ನೂಕುವ ನಾಟಕೀಯ ಚಿತ್ರಗಳನ್ನು ಈಗ ಗ್ರಾಹಕರು ಇಷ್ಟಪಟ್ಟು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ನಿಮಿಷ ತಪ್ಪಿ ಓದಿದ ನೋವಿನಿಂದ ಹುಟ್ಟಿದ ವಿನ್ಯಾಸ ಇದು. ಉಂಗುರದ ಒಂದೊಂದು ಗೆರೆಯೂ ಚಿತ್ರದಲ್ಲಿ ಓದುವಂತಿರಬೇಕು.