ಶಿಕ್ಷಣ ಸಂಸ್ಥೆಗಳ ಸಮಾರಂಭಗಳಲ್ಲಿ ಮದ್ಯ ವಿತರಣೆ: ಅರ್ಜಿದಾರರಿಗೆ ಮಾಹಿತಿ

ಸಿರುಗುಪ್ಪ ತಾಲ್ಲೂಕಿನ ಕರೂರು ಹೋಬಳಿ ಹಾಗೂ ಕುರುಗೋಡು, ಬಳ್ಳಾರಿ ಭಾಗದ ಕಾಲೇಜುಗಳ ಹಳೆಯ ವಿದ್ಯಾರ್ಥಿ ಸಂಘಗಳು, ವಾರ್ಷಿಕೋತ್ಸವ ಸಮಿತಿಗಳು ಹಾಗೂ ಬೀಳ್ಕೊಡುಗೆ ಸಮಾರಂಭದ ಸಂಘಟಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. 2010ರಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಿಗೂ ಇದು ಅನ್ವಯಿಸುತ್ತದೆ.

1. ಅನ್ವಯವಾಗುವ ಕಾನೂನು

ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಸನ್ನದು ಇಲ್ಲದೆ ಮದ್ಯ ಮಾರಾಟ ಮಾಡುವುದು ಅಪರಾಧವಾಗಿರುತ್ತದೆ. ಸಮಾರಂಭದ ಹೆಸರಿನಲ್ಲಿ ಚಂದಾ ಎತ್ತಿ ಮದ್ಯ ಹಂಚಿದರೆ ಅದನ್ನು ಮಾರಾಟವೆಂದೇ ಪರಿಗಣಿಸುವ ಸಾಧ್ಯತೆ ಇರುತ್ತದೆ. 1967ರ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಗಳು ಶಿಕ್ಷಣ ಸಂಸ್ಥೆಯಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರುವುದನ್ನು ನಿರ್ಬಂಧಿಸುತ್ತವೆ.

2. ಸಾಂದರ್ಭಿಕ ಸನ್ನದು (ಸಿಎಲ್-5)

ವಿಶೇಷ ಸಂದರ್ಭಗಳಿಗೆ ಸಿಎಲ್-5 ಸನ್ನದಿನ ವ್ಯವಸ್ಥೆ ಇರುತ್ತದೆ. ಇದು ಹಕ್ಕಲ್ಲ, ಸ್ಥಳ ಮತ್ತು ಸಂದರ್ಭವನ್ನು ಪರಿಶೀಲಿಸಿ ಅರ್ಜಿಯನ್ನು ನಿರಾಕರಿಸಬಹುದು. ಪ್ರಾಂಶುಪಾಲರ ಅಥವಾ ಕುಲಸಚಿವರ ಒಪ್ಪಿಗೆ ಪತ್ರವು ಸನ್ನದಿಗೆ ಬದಲಿಯಲ್ಲ. ಅದೇ ರೀತಿ ಸನ್ನದು ದೊರೆತ ಮಾತ್ರಕ್ಕೆ ಸಂಸ್ಥೆಯ ಶಿಸ್ತು ನಿಯಮಗಳಿಂದ ವಿನಾಯಿತಿ ಸಿಗುವುದಿಲ್ಲ. ಶಿಕ್ಷಣ ಸಂಸ್ಥೆಯ ಆವರಣಕ್ಕೆ ಅನುಮತಿ ದೊರೆಯುವುದೆಂದು ನಂಬಿ ಆಮಂತ್ರಣ ಮುದ್ರಿಸಬಾರದು. ಇತರೆ ಸ್ಥಳಗಳಿಗೆ ಅರ್ಜಿ ಸಲ್ಲಿಸುವವರು ಸಮಾರಂಭದ ದಿನಾಂಕ, ವೇಳೆ, ಸ್ಥಳ ಹಾಗೂ ಅತಿಥಿಗಳ ಸಂಖ್ಯೆಯನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು.

3. ವಯೋಮಿತಿ

ಸದರಿ 1967ರ ನಿಯಮಗಳಂತೆ 21 ವರ್ಷಕ್ಕಿಂತ ಕಡಿಮೆ ವಯಸ್ಸಿನವರಿಗೆ ಮದ್ಯ ಮಾರುವಂತಿಲ್ಲ. ಈ ಮಿತಿಯನ್ನು 18ಕ್ಕೆ ಇಳಿಸುವ ಕರಡನ್ನು 2023ರ ಜನವರಿಯಲ್ಲಿ ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಣೆಯ ನಂತರ ಅದೇ ತಿಂಗಳು ಕೈಬಿಡಲಾಯಿತು. ಆದುದರಿಂದ "18 ತುಂಬಿದೆ" ಎಂಬ ಸಮಜಾಯಿಷಿ ಸ್ವೀಕಾರಾರ್ಹವಲ್ಲ. ಪದವಿ ತರಗತಿಗಳ ಬಹುಪಾಲು ವಿದ್ಯಾರ್ಥಿಗಳು ಈ ಮಿತಿಯ ಕೆಳಗೇ ಬರುತ್ತಾರೆ ಎಂಬುದನ್ನು ಸಂಘಟಕರು ಗಮನಿಸತಕ್ಕದ್ದು.

4. ಮದ್ಯದ ಮೂಲ

ಕರೂರು ಹೋಬಳಿಯು ಆಂಧ್ರ ಪ್ರದೇಶದ ಗಡಿಗೆ ಸಮೀಪದಲ್ಲಿದೆ. ಅನುಮತಿ ಇಲ್ಲದೆ ಹೊರ ರಾಜ್ಯದ ಮದ್ಯವನ್ನು ತರುವುದು ಅಪರಾಧ. ಸೈನಿಕರ ಕ್ಯಾಂಟೀನಿನ ಮದ್ಯವನ್ನು ಇತರರಿಗೆ ಮಾರುವಂತಿಲ್ಲ. ರಾಜ್ಯದಲ್ಲಿ ಸಾರಾಯಿ ಮಾರಾಟವನ್ನು 2007ರ ಜುಲೈ 1ರಿಂದ ನಿಷೇಧಿಸಲಾಗಿದೆ. ಕಳ್ಳಭಟ್ಟಿಯು ಪ್ರಾಣಾಪಾಯಕಾರಿ, ಅದರಲ್ಲಿ ಮಿಥೈಲ್ ಆಲ್ಕೋಹಾಲ್ ಸೇರಿದ್ದರೆ ಕುರುಡುತನ ಹಾಗೂ ಸಾವು ಸಂಭವಿಸಬಹುದು.

5. ಮದ್ಯ ನಿಷೇಧಿತ ದಿನಗಳು

ಗಾಂಧಿ ಜಯಂತಿಯಂದು (ಅಕ್ಟೋಬರ್ 2) ಹಾಗೂ ಚುನಾವಣಾ ಮತದಾನ ಮುಕ್ತಾಯದ ವೇಳೆಗೆ ಮುಂಚಿನ 48 ಗಂಟೆಗಳಲ್ಲಿ ಮಾರಾಟ ಇರುವುದಿಲ್ಲ. ಹಬ್ಬ, ಮೆರವಣಿಗೆ ಮುಂತಾದ ಸಂದರ್ಭಗಳಲ್ಲಿ ಶಾಂತಿಪಾಲನೆಗಾಗಿ ಹೊರಡಿಸುವ ಆದೇಶಗಳನ್ನೂ ಪಾಲಿಸತಕ್ಕದ್ದು.

6. ಉಲ್ಲಂಘನೆಯ ಪರಿಣಾಮ

ಸಾರ್ವಜನಿಕ ಸ್ಥಳದಲ್ಲಿ ಮದ್ಯ ಸೇವನೆಗೆ ಕಾಯ್ದೆಯ ಕಲಂ 15-ಎ ಅನ್ವಯಿಸುತ್ತದೆ. ಅಪರಾಧಕ್ಕೆ ತಮ್ಮ ಜಾಗವನ್ನು ಬಳಸಲು ಬಿಟ್ಟವರೂ ಕಲಂ 38-ಎ ಅಡಿಯಲ್ಲಿ ಹೊಣೆಗಾರರಾಗುತ್ತಾರೆ. ಕಿರಿಯ ವಿದ್ಯಾರ್ಥಿಯನ್ನು ಕುಡಿಯುವಂತೆ ಒತ್ತಾಯಿಸುವುದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ವಿನಿಯಮಗಳಡಿ ರ‍್ಯಾಗಿಂಗ್ ಎನಿಸಬಹುದು. ರಕ್ತದಲ್ಲಿ 100 ಮಿ.ಲೀ.ಗೆ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರವಿರುವಾಗ ವಾಹನ ಚಲಾಯಿಸಿದರೆ, ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಕಾರಾವಾಸ ಅಥವಾ ರೂ. 10,000 ದಂಡ ಅಥವಾ ಎರಡನ್ನೂ ವಿಧಿಸಬಹುದು. ಒಂದು ಸಂಜೆಯ ಪ್ರಕರಣವು ಮುಂದೆ ಸರ್ಕಾರಿ ನೇಮಕಾತಿಯ ಪೊಲೀಸ್ ಪರಿಶೀಲನೆಯಲ್ಲಿ ಅಭ್ಯರ್ಥಿಗೆ ಅಡ್ಡಿಯಾಗಬಹುದು.

7. ಸಲಹೆ

ಆವರಣದ ಕಾರ್ಯಕ್ರಮವನ್ನು ಮದ್ಯರಹಿತವಾಗಿ ನಡೆಸುವುದು ಸೂಕ್ತ. ಹಳೆಯ ವಿದ್ಯಾರ್ಥಿಗಳು ಪ್ರತ್ಯೇಕವಾಗಿ ಸೇರಲು ಬಯಸಿದಲ್ಲಿ, ಕುಳಿತು ಸೇವಿಸಲು ಸನ್ನದು ಹೊಂದಿರುವ ಸ್ಥಳವನ್ನು ಆಯ್ದುಕೊಳ್ಳಬಹುದು. ಸಿಎಲ್-2 ಚಿಲ್ಲರೆ ಅಂಗಡಿಗಳಲ್ಲಿ ಕುಳಿತು ಸೇವಿಸಲು ಅವಕಾಶವಿಲ್ಲ. ಹಿಂತಿರುಗುವ ಪ್ರಯಾಣಕ್ಕೆ ಮದ್ಯ ಸೇವಿಸದ ಚಾಲಕರನ್ನು ಮುಂಚಿತವಾಗಿಯೇ ಗೊತ್ತುಪಡಿಸತಕ್ಕದ್ದು.

ಅರ್ಜಿ ನಮೂನೆ, ಶುಲ್ಕ ಹಾಗೂ ಹೆಚ್ಚಿನ ವಿವರಗಳಿಗಾಗಿ ಬಳ್ಳಾರಿಯ ಅಬಕಾರಿ ಉಪ ಆಯುಕ್ತರ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ. ಮಧ್ಯವರ್ತಿಗಳ ಮೊರೆ ಹೋಗದೆ, ಶುಲ್ಕ ಪಾವತಿಸಿದ್ದಕ್ಕೆ ತಪ್ಪದೆ ರಸೀದಿ ಪಡೆಯತಕ್ಕದ್ದು.