ಬ್ರೂಕ್ಲಿನ್ ಡೈಲಿ ಈಗಲ್

ಅಮೆರಿಕದ ಬ್ರೂಕ್ಲಿನ್ ನಗರದಿಂದ ಪ್ರಕಟವಾಗುತ್ತಿದ್ದ ಇಂಗ್ಲಿಷ್ ದಿನಪತ್ರಿಕೆ. ಕವಿ ವಾಲ್ಟ್ ವಿಟ್ಮನ್ (1819–1892) ಸಂಪಾದಕನಾಗಿದ್ದುದರಿಂದ ಸಾಹಿತ್ಯ ಚರಿತ್ರೆಯಲ್ಲೂ ಪ್ರಸಿದ್ಧ. 1841ರ ಅಕ್ಟೋಬರ್ 26ರಂದು ಆರಂಭವಾದ ಇದು ಡೆಮಾಕ್ರಟಿಕ್ ಪಕ್ಷದ ಪರವಾಗಿತ್ತು. ಐಸಾಕ್ ವ್ಯಾನ್ ಆಂಡೆನ್ ಇದರ ಮಾಲೀಕ.

ಅಚ್ಚುಮೊಳೆ ಜೋಡಿಸುವ ಕೆಲಸವನ್ನು ಹುಡುಗನಾಗಿದ್ದಾಗಲೇ ಕಲಿತಿದ್ದ ವಿಟ್ಮನ್ 1846ರ ಮಾರ್ಚ್‌ನಲ್ಲಿ ಸಂಪಾದಕನಾದ. ಸ್ಥಳೀಯ ಸುದ್ದಿ, ಸಂಪಾದಕೀಯಗಳ ಜೊತೆಗೆ ಪುಸ್ತಕ ವಿಮರ್ಶೆ, ಸಂಗೀತ ಮತ್ತು ರಂಗಭೂಮಿಯ ಬರಹಗಳಿಗೂ ಜಾಗ ಕೊಟ್ಟ. ಶಾಲೆಗಳಲ್ಲಿ ಮಕ್ಕಳನ್ನು ಹೊಡೆಯುವುದನ್ನು ಖಂಡಿಸಿದ. ಫೋರ್ಟ್ ಗ್ರೀನ್ ದಿಬ್ಬದಲ್ಲಿ ಸಾರ್ವಜನಿಕ ಉದ್ಯಾನ ಬೇಕೆಂದು ವಾದಿಸಿದ. ಅದು ಮುಂದೆ ನಿಜವಾಯಿತು. ಮೆಕ್ಸಿಕೋ ಯುದ್ಧವನ್ನು ಬೆಂಬಲಿಸಿದರೂ, ಹೊಸದಾಗಿ ಸೇರುವ ಪ್ರದೇಶಗಳಿಗೆ ಗುಲಾಮಗಿರಿ ಹಬ್ಬಬಾರದೆಂಬುದು ಅವನ ದೃಢ ನಿಲುವಾಗಿತ್ತು. ಇದು ಪಕ್ಷದ ಸಂಪ್ರದಾಯವಾದಿ ಬಣಕ್ಕೆ ಸೇರಿದ್ದ ಮಾಲೀಕನಿಗೆ ಒಪ್ಪಿಗೆಯಾಗದೆ, 1848ರ ಜನವರಿಯಲ್ಲಿ ವಿಟ್ಮನ್ ಹುದ್ದೆ ಕಳೆದುಕೊಂಡ.

ದೋಣಿಕಟ್ಟೆ, ಬೀದಿ, ದುಡಿಮೆಗಾರರ ಬದುಕನ್ನು ದಿನವೂ ಗಮನಿಸಿ ಬರೆದ ಪತ್ರಕರ್ತನ ಅನುಭವ 1855ರಲ್ಲಿ ಬ್ರೂಕ್ಲಿನ್‌ನಲ್ಲೇ ಅಚ್ಚಾದ ಅವನ 'ಲೀವ್ಸ್ ಆಫ್ ಗ್ರಾಸ್' ಕವನ ಸಂಕಲನಕ್ಕೆ ಒದಗಿಬಂದಿತು.

1898ರಲ್ಲಿ ಬ್ರೂಕ್ಲಿನ್ ನ್ಯೂಯಾರ್ಕ್ ನಗರದೊಳಗೆ ವಿಲೀನವಾದ ಮೇಲೂ ಪತ್ರಿಕೆ ಮುಂದುವರಿಯಿತು. ನೌಕರರ ಮುಷ್ಕರದ ನಡುವೆ 1955ರಲ್ಲಿ ನಿಂತುಹೋಯಿತು. ಇದರ ಹಳೆಯ ಸಂಚಿಕೆಗಳನ್ನು ಬ್ರೂಕ್ಲಿನ್ ಸಾರ್ವಜನಿಕ ಗ್ರಂಥಾಲಯ ಡಿಜಿಟಲ್ ರೂಪಕ್ಕೆ ತಂದಿದೆ.