ಚಳಿಗಾಲದಲ್ಲಿ ಊಟ ಬಿಟ್ಟು ಮಲಗಿದ ಬಿಯರ್ಡೆಡ್ ಡ್ರ್ಯಾಗನ್‌ಗೆ ಬಲವಂತವಾಗಿ ತಿನ್ನಿಸಬೇಕೇ?

ಸಾರಾಂಶ: ಬೇಡ. ಆರೋಗ್ಯವಾಗಿರುವ, ಬೆಳೆದ ಪ್ರಾಣಿಗೆ ಈ ನಿದ್ರೆ ಸಹಜ. ಬಲವಂತವಾಗಿ ತಿನ್ನಿಸುವುದೇ ಅಪಾಯ.

ಏಕೆ ಮಲಗುತ್ತದೆ?
ಇದು ಆಸ್ಟ್ರೇಲಿಯಾದ ಒಣ ಒಳನಾಡಿನ ಪ್ರಾಣಿ. ನಮ್ಮ ಓತಿಕ್ಯಾತದ ಕುಟುಂಬಕ್ಕೇ ಸೇರಿದ್ದು. ಮೈ ಬೆಚ್ಚಗಾಗಲು ಇದಕ್ಕೆ ಬಿಸಿಲು ಬೇಕು. ಅಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ. ಆಗ ಅಡಗಿ ಮಲಗಿ ಶಕ್ತಿ ಉಳಿಸಿಕೊಳ್ಳುತ್ತದೆ. ಇದೇ ಬ್ರೂಮೇಶನ್. ಮನೆಯಲ್ಲಿ ಸಾಕಿದವೂ ಕೆಲವು ವಾರಗಳಿಂದ 2-3 ತಿಂಗಳವರೆಗೆ ಮಲಗಬಹುದು.

ತಿನ್ನಿಸಿದರೆ ಏನಾಗುತ್ತದೆ?
ಮೈ ತಣ್ಣಗಿದ್ದಾಗ ಜೀರ್ಣಕ್ರಿಯೆ ತೀರಾ ನಿಧಾನ. ತಿಂದದ್ದು ಹೊಟ್ಟೆಯಲ್ಲೇ ಕೊಳೆಯಬಹುದು. ಕುಡಿಯಲು ನೀರಿಡಿ, ವಾರಕ್ಕೊಮ್ಮೆ ತೂಕ ನೋಡಿ, ಉಳಿದಂತೆ ಮಲಗಲು ಬಿಡಿ.

ವೈದ್ಯರ ಬಳಿ ಯಾವಾಗ ಹೋಗಬೇಕು?
ಕಾಯಿಲೆಯಲ್ಲೂ ಪ್ರಾಣಿ ಹೀಗೆಯೇ ಮಂಕಾಗುತ್ತದೆ. ವ್ಯತ್ಯಾಸ ತಿಳಿಸುವುದು ತೂಕ. ನಿದ್ರೆಯಲ್ಲಿ ತೂಕ ಹೆಚ್ಚು ಇಳಿಯುವುದಿಲ್ಲ. 500 ಗ್ರಾಂ ಇದ್ದದ್ದು 450ಕ್ಕೆ ಇಳಿದರೆ ತಡಮಾಡಬೇಡಿ. ಕಣ್ಣು ಗುಳಿಬಿದ್ದರೆ, ಬಾಯಿ ಅಥವಾ ಮೂಗಿನಲ್ಲಿ ಲೋಳೆ ಕಂಡರೆ, ಉಸಿರಾಡಲು ಕಷ್ಟಪಟ್ಟರೆ, ಒಂದು ವರ್ಷ ತುಂಬದ ಮರಿ ಮಲಗಿಬಿಟ್ಟರೆ ಕೂಡಲೇ ತೋರಿಸಿ. ಮುಟ್ಟಿದರೂ ಅಲುಗದಿದ್ದರೆ ಸತ್ತಿದೆ ಎಂದು ನೀವೇ ತೀರ್ಮಾನಿಸಬೇಡಿ. ಚಳಿಗಾಲಕ್ಕೆ ಮುಂಚೆಯೇ ಮಲ ಪರೀಕ್ಷೆ ಮಾಡಿಸಿದರೆ ಹೊಟ್ಟೆಹುಳು ಇದೆಯೇ ಎಂದು ತಿಳಿಯುತ್ತದೆ.

ಎದ್ದ ಮೇಲೆ ಏನು ಮಾಡಬೇಕು?
ಮೊದಲು ನೀರು, ಆಮೇಲೆ ಶಾಖ, ಕೊನೆಗೆ ಊಟ. ದೀಪ ಉರಿಸುವ ಹೊತ್ತನ್ನು ದಿನದಿನಕ್ಕೂ ಹೆಚ್ಚಿಸಿ. ಮೈ ಕಾಯಿಸುವ ಜಾಗ ಸುಮಾರು 40 ಡಿಗ್ರಿ ಸೆಲ್ಸಿಯಸ್ ಇರಲಿ. ಯುವಿಬಿ ದೀಪವೂ ಬೇಕು. ಚುರುಕಾಗಿ ಓಡಾಡತೊಡಗಿದ ಮೇಲೆ ಸೊಪ್ಪು, ಹುಳು ಸ್ವಲ್ಪ ಸ್ವಲ್ಪವೇ ಕೊಡಿ. ಎದ್ದು ಎರಡು ವಾರವಾದರೂ ತಿನ್ನದಿದ್ದರೆ ಸರೀಸೃಪಗಳನ್ನು ನೋಡುವ ಪಶುವೈದ್ಯರಿಗೆ ತೋರಿಸಿ ಎಂಬುದು ನಮ್ಮ ಸಲಹೆ.